ಕಂಪೈಲರ್ ಫ್ಲ್ಯಾಗ್‌ಗಳ ಅರ್ಥ ಎಲ್ಲಿ ಸಿಗುತ್ತದೆ?

ಫೋರ್ಟ್ರಾನ್ ಯಾವತ್ತೋ ಮೂಲೆ ಸೇರಿದ ಭಾಷೆ ಎಂದು ನಮ್ಮಲ್ಲಿ ಅನೇಕರು ನಂಬಿದ್ದೇವೆ. ಜಾನ್ ಬ್ಯಾಕಸ್ ನೇತೃತ್ವದ ತಂಡ ಐಬಿಎಂ ಸಂಸ್ಥೆಯಲ್ಲಿ ರೂಪಿಸಿ, 1957ರಲ್ಲಿ ಹೊರತಂದ ಈ ಭಾಷೆ ಇಂದಿಗೂ ದುಡಿಯುತ್ತಿದೆ. ಹವಾಮಾನ ಮುನ್ಸೂಚನೆಯ ಡಬ್ಲ್ಯೂಆರ್‌ಎಫ್ ಮಾದರಿಯ ಬಹುಭಾಗ ಫೋರ್ಟ್ರಾನಿನಲ್ಲಿದೆ. ಗಣಿತ ಲೆಕ್ಕಗಳ ಲ್ಯಾಪ್ಯಾಕ್ ಸಂಗ್ರಹವೂ ಅಷ್ಟೇ.

ಹಾಗಾಗಿ ಶಿವಮೊಗ್ಗದ ಎಂಜಿನಿಯರಿಂಗ್ ವಿದ್ಯಾರ್ಥಿಗೋ, ಭದ್ರಾವತಿ ಸಮೀಪದ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದ ಸಂಶೋಧಕರಿಗೋ ಹಳೆಯ ಫೋರ್ಟ್ರಾನ್ ಪ್ರೋಗ್ರಾಮ್ ಎದುರಾದರೆ ಆಶ್ಚರ್ಯವಿಲ್ಲ. ಅದನ್ನು ಕಂಪೈಲ್ ಮಾಡುವ ಆದೇಶದ ಸಾಲನ್ನೂ ಯಾರೋ ಬರೆದಿಟ್ಟಿರುತ್ತಾರೆ. ನಾವು ಅದನ್ನು ಹಾಗೆಯೇ ನಕಲು ಮಾಡುತ್ತೇವೆ. ಅದರಲ್ಲಿ ಅಡ್ಡಗೆರೆಯಿಂದ ಶುರುವಾಗುವ ಪದಗಳೇ ಫ್ಲ್ಯಾಗ್‌ಗಳು, ಅಂದರೆ ಕಂಪೈಲರಿಗೆ ನಾವು ಕೊಡುವ ಸೂಚನೆಗಳು. (ಇಲ್ಲಿ ಕನ್ನಡದಲ್ಲಿ ಬರೆದಿದ್ದರೂ ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲೇ.)

ಫ್ಲ್ಯಾಗ್ ಬದಲಾದರೆ ವೇಗವಷ್ಟೇ ಬದಲಾಗುತ್ತದೆ ಎಂಬುದು ಇನ್ನೊಂದು ತಪ್ಪು ನಂಬಿಕೆ. ಉತ್ತರವೂ ಬದಲಾಗಬಹುದು!

ಭದ್ರಾ ಜಲಾನಯನ ಪ್ರದೇಶದ ಮಳೆಯ ಲೆಕ್ಕ ಮಾಡುವ ಪ್ರೋಗ್ರಾಮ್ ಒಂದಿದೆ ಎಂದುಕೊಳ್ಳೋಣ. ಮಳೆಮಾಪಕ ಕೆಟ್ಟಿದ್ದ ದಿನಗಳನ್ನು ಅದರಲ್ಲಿ ‘ನ್ಯಾನ್’ (ಇದು ಸಂಖ್ಯೆಯಲ್ಲ) ಎಂದು ಗುರುತಿಸಲಾಗಿದೆ. ಅಂತಹ ದಿನಗಳನ್ನು ಪ್ರೋಗ್ರಾಮ್ ಪತ್ತೆಹಚ್ಚಿ ಬಿಟ್ಟುಬಿಡಬೇಕು. ಜಿಫೋರ್ಟ್ರಾನ್ ಕಂಪೈಲರಿಗೆ ‘-ಎಫ್‌ಫಾಸ್ಟ್-ಮ್ಯಾಥ್’ ಎಂಬ ಫ್ಲ್ಯಾಗ್ ಕೊಟ್ಟರೆ, ಲೆಕ್ಕದಲ್ಲಿ ನ್ಯಾನ್ ಬರುವುದೇ ಇಲ್ಲವೆಂದು ಅದು ಭಾವಿಸುತ್ತದೆ. ಪತ್ತೆಹಚ್ಚುವ ಸಾಲನ್ನೇ ಕೈಬಿಡಬಹುದು. ಆಗ ‘ಮಾಹಿತಿ ಇಲ್ಲದ ದಿನಗಳು: 0’ ಎಂಬ ಸುಳ್ಳು ಉತ್ತರ ಬರಬಹುದು, ಯಾವ ಎಚ್ಚರಿಕೆಯೂ ಇಲ್ಲದೆ.

ಈ ಫ್ಲ್ಯಾಗ್ ಏನು ಮಾಡುತ್ತದೆಂದು ಜಿಫೋರ್ಟ್ರಾನ್ ಕೈಪಿಡಿಯಲ್ಲಿ ಹುಡುಕಿದವರಿಗೆ ನಿರಾಸೆಯಾಗುತ್ತದೆ. ಕಾರಣ ಸರಳ: ಜಿಫೋರ್ಟ್ರಾನ್ ಎನ್ನುವುದು ಜಿಸಿಸಿ ಎಂಬ ದೊಡ್ಡ ಕಂಪೈಲರ್ ಕುಟುಂಬದ ಸದಸ್ಯ. ಅದರ ಕೈಪಿಡಿ ಫೋರ್ಟ್ರಾನಿಗೆ ಮಾತ್ರ ಸಂಬಂಧಿಸಿದ ಫ್ಲ್ಯಾಗ್‌ಗಳನ್ನು ವಿವರಿಸುತ್ತದೆ. ‘-ಓ2’, ‘-ಓ3’, ‘-ಎಫ್‌ಫಾಸ್ಟ್-ಮ್ಯಾಥ್’ ಮುಂತಾದವು ಎಲ್ಲ ಭಾಷೆಗಳಿಗೂ ಸಾಮಾನ್ಯವಾದ್ದರಿಂದ ಅವುಗಳ ವಿವರ ಜಿಸಿಸಿಯ ಮುಖ್ಯ ಕೈಪಿಡಿಯಲ್ಲಿದೆ. ಒಂದರಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ಹುಡುಕಬೇಕು.

ಕೈಪಿಡಿ ತೆರೆಯುವ ಮೊದಲು ‘--ವರ್ಷನ್’ ಎಂದು ಕೊಟ್ಟು ನಮ್ಮ ಕಂಪೈಲರ್ ಯಾವುದು, ಯಾವ ಆವೃತ್ತಿ ಎಂದು ತಿಳಿದುಕೊಳ್ಳುವುದು ಒಳ್ಳೆಯದು. ಆವೃತ್ತಿ ಬದಲಾದಂತೆ ಫ್ಲ್ಯಾಗ್‌ಗಳೂ ಬದಲಾಗುತ್ತವೆ. ಕಂಪೈಲರ್ ಬದಲಾದರಂತೂ ಹೇಳುವುದೇ ಬೇಡ: ನಾವೇನೂ ಹೇಳದಿದ್ದರೆ ಜಿಫೋರ್ಟ್ರಾನ್ ವೇಗ ಹೆಚ್ಚಿಸುವ ಗೋಜಿಗೇ ಹೋಗುವುದಿಲ್ಲ, ಇಂಟೆಲ್ ಕಂಪೈಲರ್ ಮಾತ್ರ ತಾನಾಗಿಯೇ ‘-ಓ2’ ಹಂತದಲ್ಲಿ ಕೆಲಸ ಮಾಡುತ್ತದೆ, ದಶಮಾಂಶ ಲೆಕ್ಕದ ನಿಯಮಗಳನ್ನೂ ತುಸು ಸಡಿಲಿಸುತ್ತದೆ.

‘-ಓ3’ ಎಂಬುದು ಒಂದೇ ಸೂಚನೆಯಲ್ಲ, ಹತ್ತಾರು ಫ್ಲ್ಯಾಗ್‌ಗಳ ಕಟ್ಟು. ಆ ಕಟ್ಟಿನಲ್ಲಿ ಏನೇನಿದೆ ಎಂದು ಕಂಪೈಲರನ್ನೇ ಕೇಳಬಹುದು. ‘-ಕ್ಯೂ -ಓ3 --ಹೆಲ್ಪ್=ಆಪ್ಟಿಮೈಸರ್ಸ್’ ಎಂದು ಕೊಟ್ಟರೆ ಯಾವುದು ಚಾಲೂ ಇದೆ, ಯಾವುದು ಇಲ್ಲ ಎಂಬ ಪಟ್ಟಿ ಜಿಫೋರ್ಟ್ರಾನಿನಲ್ಲಿ ಸಿಗುತ್ತದೆ.

ಅರ್ಥ ಗೊತ್ತಾದ ಮೇಲೂ ಒಂದು ಪರೀಕ್ಷೆ ಬೇಕು. ಕೈಯಲ್ಲೇ ಲೆಕ್ಕ ಹಾಕಬಹುದಾದಷ್ಟು ಚಿಕ್ಕ ಮಾಹಿತಿ, ಅಂದರೆ ಒಂದು ವಾರದ ಮಳೆಯ ಅಂಕಿ ಸಾಕು. ಮೊದಲು ‘-ಓ0 -ಜಿ -ಎಫ್‌ಚೆಕ್=ಆಲ್’ ಕೊಟ್ಟು ಕಂಪೈಲ್ ಮಾಡಿ, ಉತ್ತರ ಸರಿಯಿದೆಯೇ ನೋಡೋಣ; ಅರೇಯ ಮಿತಿ ದಾಟಿ ಓದುವಂತಹ ತಪ್ಪುಗಳಿದ್ದರೆ ಪ್ರೋಗ್ರಾಮ್ ಓಡುವಾಗಲೇ ಸಿಕ್ಕಿಬೀಳುತ್ತವೆ. ಆಮೇಲೆ ವೇಗದ ಫ್ಲ್ಯಾಗ್‌ಗಳನ್ನು ಒಂದೊಂದಾಗಿ ಸೇರಿಸುತ್ತ ಉತ್ತರ ಹೋಲಿಸಬೇಕು. ಕೊನೆಯ ಅಂಕಿಗಳಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಸಹಜ. ಕೆಟ್ಟಿದ್ದ ದಿನಗಳ ಎಣಿಕೆಯೇ ಬದಲಾದರೆ ಸಹಜವಲ್ಲ.

ಯಾವ ಕಂಪೈಲರ್, ಯಾವ ಆವೃತ್ತಿ, ಯಾವ ಫ್ಲ್ಯಾಗ್ ಎಂಬ ಮೂರು ವಿವರಗಳನ್ನು ಫಲಿತಾಂಶದ ಜೊತೆಗೇ ಬರೆದಿಟ್ಟರೆ, ಮುಂದೆ ಆ ಪ್ರೋಗ್ರಾಮ್ ಕೈಗೆತ್ತಿಕೊಳ್ಳುವವರು ಸಾಲನ್ನು ಕುರುಡಾಗಿ ನಕಲು ಮಾಡಬೇಕಾಗಿಲ್ಲ.