ಮಡಚುವ ಕೈಗಾಡಿ: ಯಾವ ದಾರಿಗೆ, ಯಾರ ಕೈಗೆ?

ಸಂಸಾರಕ್ಕೆ ಬೇಕಾದ ವಸ್ತುವೊಂದನ್ನು ಕೊಳ್ಳುವಾಗ ನಾವು ಬೆಲೆಯನ್ನು ನೋಡುತ್ತೇವೆ, ಬಾಳಿಕೆಯನ್ನು ವಿಚಾರಿಸುತ್ತೇವೆ, ನೆರೆಹೊರೆಯವರ ಅಭಿಪ್ರಾಯವನ್ನೂ ಕೇಳುತ್ತೇವೆ. ಆದರೆ ಆ ವಸ್ತುವನ್ನು ಮನೆಯವರೆಗೆ ಹೊತ್ತು ತರುವವರು ಯಾರು ಎಂಬುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸೋಲಾಪುರದಂಥ ಪಟ್ಟಣಗಳ ಅಂಗಡಿಗಳಲ್ಲಿ ಈಚೆಗೆ ಮಡಚಿ ಇಡಬಹುದಾದ ಕೈಗಾಡಿಗಳು ತರತರದವು ಬಂದಿವೆ. ಪುಣೆ, ಮುಂಬಯಿಗಳಲ್ಲಿ ನೌಕರಿಯಲ್ಲಿರುವ ಮಕ್ಕಳು ಹಬ್ಬಕ್ಕೆ ಬರುವಾಗ ತಾಯಿಗೆಂದು ಒಂದನ್ನು ತರುವುದೂ ಉಂಟು. ಅವುಗಳಲ್ಲಿ ಕೆಲವು ದಿನನಿತ್ಯ ದುಡಿಯುತ್ತಿವೆ. ಕೆಲವು ತಿಂಗಳೊಪ್ಪತ್ತಿನಲ್ಲಿ ಅಟ್ಟ ಸೇರಿವೆ. ಈ ವ್ಯತ್ಯಾಸವೇಕೆ ಎಂಬುದನ್ನು ಈ ಸಂಚಿಕೆಯಲ್ಲಿ ವಿಚಾರಿಸೋಣ.

ಮೊದಲು ಭಾರದ ಲೆಕ್ಕ. ಹದಿನೈದು ಲೀಟರು ಹಿಡಿಯುವ ಕೊಡದಲ್ಲಿ ನೀರಿನ ತೂಕವೇ 15 ಕಿಲೋ. ಅಡಿಗೆಯ ಸಿಲಿಂಡರಿನಲ್ಲಿ ಅನಿಲ 14.2 ಕಿಲೋ; ಬರಿಯ ಸಿಲಿಂಡರಿನ ತೂಕವನ್ನು ಅದರ ಮೇಲೆಯೇ ಬರೆದಿರುತ್ತಾರೆ. ಎರಡನ್ನೂ ಕೂಡಿಸಿದರೆ ಹೆಚ್ಚು ಕಡಿಮೆ 30 ಕಿಲೋ ಆಗುತ್ತದೆ. ಸಿಮೆಂಟಿನ ಚೀಲ 50 ಕಿಲೋ. 2018ರಿಂದೀಚೆಗೆ ಯೂರಿಯಾ ಚೀಲ 45 ಕಿಲೋಗೆ ಇಳಿದಿದೆ. ಈಗ ಮನೆಯ ಸೊಸೆ ಬೆಳಿಗ್ಗೆ ನಾಲ್ಕು, ಸಂಜೆ ನಾಲ್ಕು ಕೊಡ ನೀರು ತರುತ್ತಾಳೆ ಎಂದಿಟ್ಟುಕೊಳ್ಳಿ. ದಿನಕ್ಕೆ 120 ಕಿಲೋ. ತಿಂಗಳಿಗೆ 3,600 ಕಿಲೋ, ಎಂದರೆ ಮೂವತ್ತಾರು ಕ್ವಿಂಟಲ್. ಮೂವತ್ತಾರು ಕ್ವಿಂಟಲ್ ಜೋಳ ಬೆಳೆದ ರೈತನ ಹೆಸರನ್ನು ಊರೇ ಹೇಳುತ್ತದೆ. ಅಷ್ಟೇ ತೂಕದ ನೀರನ್ನು ತಿಂಗಳು ತಿಂಗಳೂ ತಲೆಯ ಮೇಲೆ ತಂದವಳ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ.

2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ನಿನಿಂದ ಅನೇಕ ಮನೆಗಳ ಅಂಗಳಕ್ಕೆ ನಳ ಬಂದಿರುವುದು ನಿಜ. ಆದರೂ ಬೇಸಿಗೆಯಲ್ಲಿ ನಳ ಒಣಗಿ ಟ್ಯಾಂಕರು ಊರ ಮುಂದೆ ನಿಂತಿತೆಂದರೆ ಕೊಡ ಮತ್ತೆ ತಲೆಗೇರುತ್ತದೆ. ಕೂಲಿಕಾರರಿಗಾಗಿ 2025ರವರೆಗೆ 1948ರ ಕಾರ್ಖಾನೆ ಕಾಯಿದೆಯ 34ನೆಯ ಕಲಮು ಇತ್ತು. ದೇಹಕ್ಕೆ ಅಪಾಯವಾಗುವಷ್ಟು ಭಾರವನ್ನು ಯಾರಿಂದಲೂ ಹೊರಿಸಕೂಡದೆಂದು ಅದು ಹೇಳುತ್ತಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿ ವಯಸ್ಕ ಗಂಡಸು ಹೊರಬಹುದಾದ ಗರಿಷ್ಠ ಭಾರ 55 ಕಿಲೋ ಎಂದು ಶಿಫಾರಸು ಮಾಡಿತು. ಹೆಂಗಸರಿಗೆ ಅದಕ್ಕಿಂತ ಬಹಳ ಕಡಿಮೆ ಇರಬೇಕೆಂದೂ ಹೇಳಿತು. ಮನೆಯೊಳಗೆ ಇಂತಹ ಯಾವ ಕಲಮೂ ನಡೆಯದು. ಅಲ್ಲಿ ಮನೆಯವರ ವಿವೇಕವೇ ಕಾಯಿದೆ.

ಇನ್ನು ಗಾಡಿಗಳ ವಿಚಾರ. ಮಾರುಕಟ್ಟೆಯಲ್ಲಿ ದೊರೆಯುವ ಮಡಚುವ ಗಾಡಿಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಎರಡು ಚಕ್ರದ ನಿಲುವುಗಾಡಿ. ಕೆಳಗೊಂದು ಸಣ್ಣ ತಟ್ಟೆ, ಹಿಂದೆ ಎತ್ತರವಾದ ಹಿಡಿ. ಓರೆ ಮಾಡಿ ಎಳೆಯಬೇಕು. ಸಿಲಿಂಡರು, ಚೀಲ, ನೀರಿನ ಡಬ್ಬಿಗಳಿಗೆ ಇದು ತಕ್ಕದ್ದು. ಎರಡನೆಯದು ನಾಲ್ಕು ಚಕ್ರದ ಹಲಗೆಗಾಡಿ. ಇದರ ಹಿಡಿಯೊಂದೇ ಮಡಚುತ್ತದೆ. ಗಿರಣಿ, ಗೋದಾಮು, ಅಂಗಡಿಗಳ ನಯವಾದ ನೆಲಕ್ಕೆ ಇದು ಒಳ್ಳೆಯದು. ಚಾದರದ ಗಂಟುಗಳನ್ನು ಸಾಗಿಸುವವರಿಗೆ ಇದರ ಪರಿಚಯ ಚೆನ್ನಾಗಿ ಇದೆ. ಮೂರನೆಯದು ಬಟ್ಟೆಯ ತೊಟ್ಟಿಯುಳ್ಳ, ಕೊಡೆಯಂತೆ ಕೂಡಿಕೊಳ್ಳುವ ಗಾಡಿ. ಸಂತೆಯ ಕಾಯಿಪಲ್ಲೆಗೆ ಸಾಕು. ನೀರಿಗೂ ಸಿಲಿಂಡರಿಗೂ ಸಲ್ಲದು.

ಇಲ್ಲಿಯೇ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಒಳಿತು: ಗಾಡಿ ಮಡಚಲೇಬೇಕೆ? ಒಂದು ಕೋಣೆಯ ಮನೆಯಲ್ಲಿ ವಾಸಿಸುವವರಿಗೆ, ಎಸ್.ಟಿ. ಬಸ್ಸಿನಲ್ಲಿ ಗಾಡಿಯನ್ನು ಒಯ್ಯಬೇಕಾದವರಿಗೆ ಮಡಿಕೆ ಅತ್ಯಗತ್ಯ. ಆದರೆ ಹಿತ್ತಿಲು, ಪಡಸಾಲೆ ಇರುವ ಹಳ್ಳಿಯ ಮನೆಗೆ ಮಡಚದ ಗಾಡಿಯೇ ಮೇಲು. ಮಡಿಕೆ ಇದ್ದಲ್ಲಿ ಕೀಲು ಇರುತ್ತದೆ. ಕೀಲು ಇದ್ದಲ್ಲಿ ಸವೆತ ಇರುತ್ತದೆ. ಅದೇ ಬೆಲೆಗೆ ಊರ ವೆಲ್ಡಿಂಗ್ ಅಂಗಡಿಯವನು ಗಟ್ಟಿಮುಟ್ಟಾದ ಗಾಡಿಯನ್ನು ಮಾಡಿಕೊಡಬಲ್ಲನು.

ಮಡಚುವುದೇ ಬೇಕೆಂದು ನಿಶ್ಚಯಿಸಿದ ಮೇಲೆ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಚಕ್ರವನ್ನು. ಕೊಳ್ಳುವವರಲ್ಲಿ ಬಹುಪಾಲು ಜನ ಬಣ್ಣವನ್ನೂ ಹಿಡಿಯನ್ನೂ ನೋಡಿ ಚಕ್ರವನ್ನು ಕಡೆಗಣಿಸುತ್ತಾರೆ. ನಮ್ಮ ಶಾಲೆಯ ಏಳನೆಯ ತರಗತಿಯ ಮಕ್ಕಳಿಗೆ ಇದನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದ್ದೆವು. ಹತ್ತು ಸೆಂಟಿಮೀಟರ್ ವ್ಯಾಸದ ಚಕ್ರವೊಂದು ಎರಡು ಸೆಂಟಿಮೀಟರ್ ಎತ್ತರದ ಕಲ್ಲಿಗೆ ತಾಗಿ ನಿಂತಿದೆ ಎನ್ನಿ. ಅಚ್ಚಿನ ಮಟ್ಟದಲ್ಲಿ ನೇರವಾಗಿ ಎಳೆದು ಅದನ್ನು ಕಲ್ಲಿನ ಮೇಲೆ ಹತ್ತಿಸಲು ಚಕ್ರದ ಮೇಲಿನ ಭಾರಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚು ಬಲ ಬೇಕು. ಎಂದರೆ 30 ಕಿಲೋ ಸಿಲಿಂಡರಿಗೆ 40 ಕಿಲೋ ಎಳೆತ. ಚಕ್ರದ ವ್ಯಾಸ ಇಪ್ಪತ್ತು ಸೆಂಟಿಮೀಟರ್ ಆದರೆ ಭಾರದ ಮುಕ್ಕಾಲು ಪಾಲು, ಅಂದರೆ 22½ ಕಿಲೋ ಸಾಕು. ಮೂವತ್ತು ಸೆಂಟಿಮೀಟರಿನದಾದರೆ ಸುಮಾರು 17 ಕಿಲೋ. ಲೆಕ್ಕ ಮುಗಿದಾಗ ಒಬ್ಬ ಹುಡುಗಿ ಎದ್ದು ನಿಂತು, “ಸರ್, ಎತ್ತಿದರೆ 30 ಕಿಲೋ, ಎಳೆದರೆ 40 ಕಿಲೋ, ಹಾಗಾದರೆ ಗಾಡಿ ಯಾಕೆ ಬೇಕು?” ಎಂದು ಕೇಳಿದಳು. ಪುಣೆಯಿಂದ ಬಂದ ಗಾಡಿ ಅಟ್ಟವನ್ನೇರುವ ರಹಸ್ಯ ಆ ಪ್ರಶ್ನೆಯಲ್ಲಿದೆ. ಸಣ್ಣ ಚಕ್ರ ಹುಟ್ಟಿದ್ದು ರೈಲು ನಿಲ್ದಾಣದ ಫರಸಿ ನೆಲಕ್ಕೆ. ಕಲ್ಲು ಎದ್ದ ಓಣಿಯಲ್ಲಿ ತಾಯಿ ಸಿಲಿಂಡರಿನ ಜೊತೆಗೆ ಗಾಡಿಯನ್ನೂ ಎತ್ತಬೇಕಾಗುತ್ತದೆ. ಆದುದರಿಂದ ಹಳ್ಳಿಯ ದಾರಿಗೆ ಇಪ್ಪತ್ತು ಸೆಂಟಿಮೀಟರಿಗಿಂತ ಕಡಿಮೆ ವ್ಯಾಸದ ಚಕ್ರವನ್ನು ಕೊಳ್ಳಬಾರದು. ಅಂಗಡಿಗೆ ಹೋಗುವಾಗ ಮಕ್ಕಳ ಅಳತೆಪಟ್ಟಿಯೊಂದನ್ನು ಕಿಸೆಯಲ್ಲಿ ಇಟ್ಟುಕೊಂಡು ಹೋಗಿರಿ.

ನಮ್ಮ ಅಕ್ಕಲಕೋಟೆಯ ಸೀಮೆಗೆ ಇನ್ನೆರಡು ವಿಶೇಷಗಳಿವೆ: ಜಾಲಿಮುಳ್ಳು ಮತ್ತು ಎರೆಮಣ್ಣು. ಗಾಳಿ ತುಂಬುವ ಚಕ್ರ ಮೆತ್ತಗೆ ಓಡುತ್ತದೆ, ಆದರೆ ಹೊಲದ ದಾರಿಯಲ್ಲಿ ಜಾಲಿಮುಳ್ಳು ಅದನ್ನು ಬಿಡದು. ಸೈಕಲ್ ಅಂಗಡಿ ದೂರವಿರುವ ಊರಿನವರು ಗಟ್ಟಿ ರಬ್ಬರಿನ ಚಕ್ರವನ್ನೇ ಆರಿಸಬೇಕು. ಬರಿಯ ಪ್ಲಾಸ್ಟಿಕ್ ಚಕ್ರ ಬಿಸಿಲಿಗೆ ಬಿರಿಯುತ್ತದೆ. ಮಳೆಗಾಲದಲ್ಲಿ ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಸುತ್ತಲೂ ಬೆಳೆಯುತ್ತ ಹೋಗುತ್ತದೆ; ಚಕ್ರಕ್ಕೂ ಚೌಕಟ್ಟಿಗೂ ನಡುವೆ ಎರಡು ಬೆರಳು ತೂರುವಷ್ಟಾದರೂ ಸಂದು ಇರದಿದ್ದರೆ ಗಾಡಿ ಅಲ್ಲಿಯೇ ಕಚ್ಚಿಕೊಳ್ಳುತ್ತದೆ. ಚಕ್ರದ ಪಟ್ಟಿ ಅಗಲವಾಗಿದ್ದಷ್ಟೂ ಮೆತ್ತನೆಯ ನೆಲದಲ್ಲಿ ಹೂಳುವುದು ಕಡಿಮೆ. ನಾಲ್ಕು ಚಕ್ರದ ಗಾಡಿಯಲ್ಲಿ ಎತ್ತ ಬೇಕಾದರತ್ತ ಹೊರಳುವ ಎರಡು ಪುಟ್ಟ ಚಕ್ರಗಳಿರುತ್ತವೆ. ಕೆಸರಿನಲ್ಲಿ ಮೊದಲು ಸಿಕ್ಕಿಕೊಳ್ಳುವುದು ಅವೇ.

ಎರಡನೆಯದಾಗಿ ಹಿಡಿ. ಗಾಡಿಯನ್ನು ಎಳೆಯುವವರು ನೆಟ್ಟಗೆ ನಿಂತಾಗ ಹಿಡಿ ಅವರ ಸೊಂಟಕ್ಕೂ ಮೊಣಕೈಗೂ ನಡುವೆ ಬರಬೇಕು. ಅದಕ್ಕಿಂತ ತಗ್ಗಾದರೆ ಬೆನ್ನು ಬಾಗುತ್ತದೆ. ತಲೆಯ ಭಾರ ಸೊಂಟಕ್ಕೆ ಇಳಿಯಿತೆಂಬುದನ್ನು ಬಿಟ್ಟರೆ ಬೇರೆ ಪ್ರಯೋಜನವಿಲ್ಲ. ಆದಕಾರಣ ಅಂಗಡಿಗೆ ಮನೆಯ ಯಜಮಾನರೊಬ್ಬರೇ ಹೋಗಿ ಗಾಡಿ ತರುವುದು ಸರಿಯಲ್ಲ. ಯಾರು ಎಳೆಯುತ್ತಾರೋ ಅವರೇ ಬಂದು ಹಿಡಿದು, ಎಳೆದು, ಮಡಚಿ, ಬಿಡಿಸಿ ನೋಡಲಿ. ಅವ್ವನ ಚಪ್ಪಲಿಯನ್ನು ಅವ್ವನ ಕಾಲಿಗೆ ಹಾಕಿಯೇ ಕೊಳ್ಳುವುದಲ್ಲವೆ?

ಮೂರನೆಯದು ಕೀಲುಗಳ ಪರೀಕ್ಷೆ. ಅಂಗಡಿಯಲ್ಲಿಯೇ ಹತ್ತು ಸಲ ಮಡಚಿ ಬಿಡಿಸಿರಿ. ಬಿಡಿಸಿದಾಗ ಕೊಂಡಿ ‘ಟಕ್’ ಎಂದು ಕೂರಬೇಕು. ಹಿಡಿಯನ್ನು ಅಲುಗಾಡಿಸಿದರೆ ಗಾಡಿಯೆಲ್ಲ ಓಲಾಡಬಾರದು. ಚಕ್ರವನ್ನು ಕಳಚಿ ಬದಲಿಸಲು ಬರುತ್ತದೆಯೆ ಎಂದು ಕೇಳಿರಿ. ಅಚ್ಚಿಗೆ ಕಾಯಂ ಬಡಿದು ಕೂರಿಸಿದ ಚಕ್ರ ಸವೆದರೆ ಇಡೀ ಗಾಡಿಯೇ ಗುಜರಿಗೆ ಹೋಗುತ್ತದೆ. ಗಾಡಿಯ ಮೇಲೆ ನೂರು ಕಿಲೋ ಎಂದು ಬರೆದಿದ್ದರೆ ಅದು ಸಮನೆಲದ ಮಾತೆಂದು ತಿಳಿಯಿರಿ. ತಗ್ಗುದಿನ್ನೆಯ ದಾರಿಯಲ್ಲಿ ಅದರ ಅರ್ಧಕ್ಕೆ ನಿಲ್ಲುವುದೇ ಕ್ಷೇಮ.

ಬಳಸುವ ಕ್ರಮವೂ ಕಲಿಯತಕ್ಕದ್ದು. ಭಾರವಾದದ್ದು ಕೆಳಗೆ, ಚಕ್ರದ ಅಚ್ಚಿಗೆ ಹತ್ತಿರವಿರಲಿ, ಹಗುರಾದದ್ದು ಮೇಲಿರಲಿ. ಎರಡು ಚಕ್ರದ ಗಾಡಿಯನ್ನು ಓರೆ ಮಾಡುತ್ತ ಹೋದಂತೆ ಒಂದು ಹದದಲ್ಲಿ ಭಾರವೆಲ್ಲ ಅಚ್ಚಿನ ಮೇಲೆ ಕುಳಿತು ಕೈಗೆ ತೂಕವೇ ತಿಳಿಯದಂತಾಗುತ್ತದೆ. ಆ ಹದವನ್ನು ಕೈ ತಾನೇ ಕಲಿಯುತ್ತದೆ. ಸಿಲಿಂಡರನ್ನು ಯಾವಾಗಲೂ ನಿಲ್ಲಿಸಿಯೇ ಸಾಗಿಸಬೇಕು, ಎರಡು ಕಡೆ ಕಟ್ಟಬೇಕು. ಕಟ್ಟಲು ಎಳೆದರೆ ಹಿಗ್ಗುವ ರಬ್ಬರು ಹಗ್ಗ ಬೇಡ. ಅದರ ಕೊಕ್ಕೆ ಜಾರಿ ಕಣ್ಣಿಗೆ ಸಿಡಿಯುವ ಅಪಾಯವಿದೆ. ನೂಲಿನ ಹಗ್ಗವೇ ಉತ್ತಮ. ನೀರಿನ ಕೊಡಗಳಿಗೆ ಮುಚ್ಚಳವಿರಲಿ, ಇಲ್ಲವಾದರೆ ಮನೆ ಮುಟ್ಟುವಷ್ಟರಲ್ಲಿ ಅರ್ಧ ನೀರು ದಾರಿಯ ಪಾಲಾಗುತ್ತದೆ. ಮಡಚುವಾಗ ಎಳೆಯ ಮಕ್ಕಳನ್ನು ದೂರ ನಿಲ್ಲಿಸಿರಿ. ಕೀಲಿನ ಸಂದಿನಲ್ಲಿ ಬೆರಳು ಸಿಕ್ಕಿದರೆ ಜಜ್ಜಿಹೋಗುತ್ತದೆ.

ನೀಲಗಿರಿ, ವಯನಾಡು, ಕಾಸರಗೋಡುಗಳಲ್ಲಿರುವ ನಮ್ಮ ಬಂಧುಗಳಿಗೆ ಏರು ಇಳಿತಗಳೇ ದಾರಿ. ಹತ್ತಡಿ ಹೋದರೆ ಒಂದಡಿ ಏರುವ ದಾರಿಯಲ್ಲಿ 50 ಕಿಲೋ ಭಾರ 5 ಕಿಲೋ ಬಲದಿಂದ ಹಿಂದಕ್ಕೆ ಎಳೆಯುತ್ತಲೇ ಇರುತ್ತದೆ. ಅವರು ನೆನಪಿಡಬೇಕಾದ ಸೂತ್ರ ಒಂದೇ: ಭಾರದ ಕೆಳಗಡೆ ನಾವು ನಿಲ್ಲಕೂಡದು. ಎರಡು ಚಕ್ರದ ಗಾಡಿಯನ್ನು ಏರುವಾಗ ಹಿಂದೆ ಎಳೆದುಕೊಂಡು ಹೋಗಬೇಕು. ಇಳಿಯುವಾಗ ಮುಂದೆ ಬಿಟ್ಟು ತಡೆದು ಹಿಡಿಯಬೇಕು. ಮುರಕಲ್ಲಿನ ಮೆಟ್ಟಿಲುಗಳೇ ಹೆಚ್ಚಾಗಿರುವ ಮನೆಗೆ ಗಾಡಿಗಿಂತ ಇಬ್ಬರು ಆಳುಗಳು ಮೇಲು.

ಶಾಲೆಯ ಮಾತನ್ನೂ ಹೇಳಬೇಕು. ಮಧ್ಯಾಹ್ನದ ಊಟದ ಅಕ್ಕಿಯ ಮೂಟೆಗಳು, ಜೂನ್ ತಿಂಗಳ ಮಳೆಯಲ್ಲಿ ಬರುವ ಬಾಲಭಾರತಿಯ ಕನ್ನಡ ಪಠ್ಯಪುಸ್ತಕಗಳ ಕಟ್ಟುಗಳು ರಸ್ತೆಯ ಬದಿಯಲ್ಲಿ ಇಳಿಯುತ್ತವೆ. ಅಲ್ಲಿಂದ ಶಾಲೆಗೆ ತರಲು ದೊಡ್ಡ ತರಗತಿಯ ಹುಡುಗರನ್ನು ಕರೆಯುವ ವಾಡಿಕೆ ಹಲವು ಊರುಗಳಲ್ಲಿ ಇತ್ತು. ಮಗುವಿನ ಪಾಟಿಚೀಲ ಅದರ ತೂಕದ ಹತ್ತನೆಯ ಒಂದು ಪಾಲನ್ನು ಮೀರಬಾರದೆಂದು 2020ರ ಶಾಲಾ ಚೀಲ ನೀತಿ ಹೇಳುತ್ತದೆ. ಮೂವತ್ತು ಕಿಲೋ ತೂಗುವ ಹುಡುಗನಿಗೆ ಮೂರು ಕಿಲೋ. ಹಾಗಿರುವಾಗ ಐವತ್ತು ಕಿಲೋ ಮೂಟೆಯನ್ನು ಇಬ್ಬರು ಹುಡುಗರಿಗೆ ಹೊರಿಸುವುದು ಯಾವ ನ್ಯಾಯ? ಒಂದು ಒಳ್ಳೆಯ ಕೈಗಾಡಿ ಪ್ರತಿ ಶಾಲೆಯಲ್ಲಿ ಇರಲೇಬೇಕು, ಮತ್ತು ಅದನ್ನು ದೊಡ್ಡವರೇ ಎಳೆಯಬೇಕು.

ಗಾಡಿಯ ಆರೈಕೆ ಕಷ್ಟದ್ದಲ್ಲ. ಕೆಸರನ್ನು ಅಂದೇ ತೊಳೆಯುವುದು, ತಿಂಗಳಿಗೊಮ್ಮೆ ಅಚ್ಚಿಗೂ ಕೀಲಿಗೂ ಎರಡು ಹನಿ ಎಣ್ಣೆ ಬಿಡುವುದು, ಸಡಿಲಾದ ನಟ್ಟನ್ನು ಕೂಡಲೆ ಬಿಗಿಯುವುದು, ಮಳೆ ಬಿಸಿಲುಗಳಿಗೆ ಬಿಡದಿರುವುದು: ಇಷ್ಟನ್ನು ಪಾಲಿಸಿದರೆ ಗಾಡಿ ಬಹುಕಾಲ ಬಾಳುತ್ತದೆ.

ಕೊನೆಯದಾಗಿ ನಾವು ಊರಿನಲ್ಲಿ ಕಂಡ ಒಂದು ಸಂಗತಿಯನ್ನು ಓದುಗರ ಮುಂದಿಡಬಯಸುತ್ತೇವೆ. ನೀರು ತಲೆಯ ಮೇಲೆ ಬರುತ್ತಿದ್ದಾಗ ಅದು ಹೆಂಗಸರ ಕೆಲಸವಾಗಿತ್ತು. ಕೊಡ ಹೊತ್ತು ಓಣಿಯಲ್ಲಿ ನಡೆಯಲು ಗಂಡಸರಿಗೆ ನಾಚಿಕೆ. ಅದೇ ನೀರು ಚಕ್ರದ ಮೇಲೆ ಬರತೊಡಗಿದಾಗ ಗಂಡುಮಕ್ಕಳೂ ಹಿಡಿಗೆ ಕೈ ಹಾಕಿದರು. ಇದು ಶುಭದ ಲಕ್ಷಣ. ಆದರೆ ಕೆಲವು ಮನೆಗಳಲ್ಲಿ ಬೇರೊಂದು ನಡೆಯಿತು. ಗಾಡಿ ಬಂದಿತೆಂದು ಎಂಟು ಕೊಡ ಹನ್ನೆರಡಾದವು, ದನಗಳ ನೀರೂ ಅದೇ ಸೊಸೆಯ ಪಾಲಿಗೆ ಸೇರಿತು. ಚಕ್ರ ಉಳಿಸಿಕೊಟ್ಟ ಶ್ರಮವನ್ನು ಮನೆ ಮರಳಿ ಕಸಿದುಕೊಂಡಿತು. ಗಾಡಿಯನ್ನು ಕೊಂಡು ತಂದ ದಿನವೇ ಮನೆಯವರೆಲ್ಲ ಕುಳಿತು ಒಂದು ಮಾತನ್ನು ನಿಶ್ಚಯಿಸಲಿ: ಉಳಿದ ಆ ಅರ್ಧ ಗಂಟೆ ಅವಳದು. ಅವಳು ಕೂರಲಿ, ಓದಲಿ, ಕಣ್ಣು ಮುಚ್ಚಿ ಮಲಗಲಿ, ಅದನ್ನು ಯಾರೂ ಕೇಳುವುದು ಬೇಡ.