ಅಪ್ಪನ ಕಾಲದ ಗಾಡಿ, ಮಗನ ಕಾಲದ ಸಾಲ



ಅಡಿಕೆಗೂ ಕಾಫಿಗೂ ಒಂದೆರಡು ವರ್ಷ ಒಳ್ಳೆಯ ಧಾರಣೆ ಬಂದರೆ ಅದರ ಗುರುತು ತೋಟಕ್ಕಿಂತ ಮೊದಲು ಮನೆಯಂಗಳದಲ್ಲಿ ಕಾಣುತ್ತದೆ. ಹಿಂದೆ ಅದು ಮಾಡಿಗೆ ಹೊಸ ಹಂಚಾಗಿ ಕಾಣುತ್ತಿತ್ತು. ಈಗ ಮೋಟಾರ್ ಸೈಕಲ್ ಆಗಿ ಕಾಣುತ್ತಿದೆ. ಅದೂ ಸಾಮಾನ್ಯ ಗಾಡಿಯಲ್ಲ. ಗುಂಡನೆಯ ದೀಪ, ಉಬ್ಬಿದ ಟ್ಯಾಂಕು, ಕಡ್ಡಿಯ ಚಕ್ರ, ಮುಖ ಕಾಣುವಂತೆ ಹೊಳೆಯುವ ಕೊಳವೆ. ನೋಡಲು ಥೇಟು ಅಪ್ಪನ ಕಾಲದ್ದು, ಬೆಲೆ ಮಾತ್ರ ಮಗನ ಕಾಲದ್ದು. ಇದರ ವಿಚಾರವಾಗಿ ಹಿರಿಯರಿಗೂ ಕಿರಿಯರಿಗೂ ನಡೆಯುವ ವಾದ ಕೊನೆಗೆ ಸಂಘದ ಸಾಲದ ಪುಸ್ತಕದವರೆಗೂ ಬರುವುದರಿಂದ ನಾಲ್ಕು ಮಾತು ಬರೆಯುವುದು ಅಗತ್ಯವೆನಿಸಿತು.

ಹಳೆಯ ಗಾಡಿಗಳ ಮೇಲಿನ ಮಮತೆ ನಮ್ಮ ನಾಡಿನಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960-61ರ ಹೊತ್ತಿಗೆ ಆರಂಭವಾಯಿತು. ಝೆಕೊಸ್ಲೊವಾಕಿಯಾದ ಜಾವಾ ಗಾಡಿ ಅಲ್ಲಿ ತಯಾರಾಗಿ, 1970ರ ದಶಕದಲ್ಲಿ ಯೆಜ್ಡಿ ಎಂಬ ಹೆಸರು ಪಡೆಯಿತು. ಕಿಕ್ಕರ್ ಮತ್ತು ಗೇರು ಒಂದೇ ಲಿವರಿನಲ್ಲಿದ್ದ ಆ ಗಾಡಿಯ ಸದ್ದು ಕೇಳಿಯೇ ಬಂದವರು ಯಾರೆಂದು ಊರವರು ಹೇಳುತ್ತಿದ್ದರು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರ ನವೆಂಬರಿನಲ್ಲಿ ಮಹೀಂದ್ರ ಸಮೂಹಕ್ಕೆ ಸೇರಿದ ಕ್ಲಾಸಿಕ್ ಲೆಜೆಂಡ್ಸ್ ಸಂಸ್ಥೆ ಜಾವಾವನ್ನು ಮತ್ತೆ ಮಾರುಕಟ್ಟೆಗೆ ತಂದಿತು. 2022ರಲ್ಲಿ ಯೆಜ್ಡಿಯೂ ಬಂತು. ಆದರೆ ಇವು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ ತಯಾರಾಗುತ್ತವೆ. ಎಂಜಿನ್ನೂ ಹಳೆಯ ಎರಡು ಸ್ಟ್ರೋಕಿನದಲ್ಲ. ನೀರಿನಿಂದ ತಂಪಾಗುವ ನಾಲ್ಕು ಸ್ಟ್ರೋಕಿನದು. ಹೆಸರು ಮತ್ತು ಚಹರೆ ಹಿಂದಿನದು, ಒಡಲು ಪೂರ್ತಿ ಇಂದಿನದು.

ಇದರಲ್ಲಿ ಮೋಸವೇನೂ ಇಲ್ಲ, ಕೊಳ್ಳುವವನಿಗೆ ತಿಳಿದಿದ್ದರೆ ಸಾಕು. ನನ್ನ ಆಕ್ಷೇಪ ಬೇರೆ. ನಮ್ಮ ಹಿರಿಯರು ಆ ಗಾಡಿಗಳನ್ನು ಅಂದಕ್ಕಾಗಿ ಕೊಳ್ಳಲಿಲ್ಲ. ಆ ಕಾಲಕ್ಕೆ ದುಡಿಯುವ ಗಾಡಿಗಳೇ ಅವು. ಎನ್‌ಫೀಲ್ಡ್ ಬುಲೆಟ್ ನಮ್ಮ ದೇಶದಲ್ಲಿ ನೆಲೆಯೂರಿದ್ದು 1950ರ ದಶಕದಲ್ಲಿ, ಗಡಿಯ ಗಸ್ತಿಗೆ ಗಟ್ಟಿ ಗಾಡಿ ಬೇಕಾದಾಗ. 1955ರಲ್ಲಿ ಮದರಾಸಿನಲ್ಲಿ ಅದರ ಕಂಪನಿ ಸ್ಥಾಪನೆಯಾಯಿತು. ರಾಜದೂತ್ ಹಾಲಿನ ಕ್ಯಾನು ಹೊತ್ತಿತು. ಯೆಜ್ಡಿ ಚೀಲ ಹೊತ್ತು ಘಟ್ಟ ಹತ್ತಿತು. ಸ್ಕೂಟರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿದ್ದ ಕಾಲ ಅದು. ಇದ್ದ ನಾಲ್ಕರಲ್ಲಿ ಕೆಲಸಕ್ಕೆ ಬರುವುದನ್ನು ಆರಿಸಿಕೊಂಡರು. ಇಂದು ಅದೇ ಹಿರಿಯರ ವಯಸ್ಸಿನ ಒಕ್ಕಲಿಗ ಅದೇ ಲೆಕ್ಕ ಹಾಕಿದರೆ ಸ್ಪ್ಲೆಂಡರ್ ತರುತ್ತಾನೆ, ಇಲ್ಲವೆ ಗೊಬ್ಬರದ ಚೀಲ ಮುಂದೆ ಇಡಲು ಜಾಗವಿರುವ ಎಕ್ಸ್‌ಎಲ್ ತರುತ್ತಾನೆ. ಹಳೆಯ ಯೆಜ್ಡಿಯ ನಿಜವಾದ ವಾರಸುದಾರ ಹೊಸ ಯೆಜ್ಡಿಯಲ್ಲ. ಯಾರೂ ತಿರುಗಿ ನೋಡದ ಆ ಎಕ್ಸ್‌ಎಲ್.

ಇನ್ನು ಲೆಕ್ಕಕ್ಕೆ ಬರೋಣ. 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಗಾಡಿಗಳ ಜಿ.ಎಸ್.ಟಿ. ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಇಳಿದದ್ದು ಎರಡೂ ಬಗೆಯ ಗಾಡಿಗೆ. ಆದ್ದರಿಂದ 100 ಸಿ.ಸಿ.ಯ ಸಾದಾ ಗಾಡಿಗೂ 350 ಸಿ.ಸಿ.ಯ ಹಳೇ ಚಹರೆಯ ಗಾಡಿಗೂ ನಡುವಿನ ಅಂತರ ಆಗಲೂ ಸುಮಾರು ₹1 ಲಕ್ಷ ಉಳಿಯಿತು. ದಿನಕ್ಕೆ 30 ಕಿ.ಮೀ.ಯಂತೆ ವರ್ಷಕ್ಕೆ 300 ದಿನ ಓಡಿಸಿದರೆ 9,000 ಕಿ.ಮೀ. ಲೀಟರಿಗೆ 60 ಕಿ.ಮೀ. ಕೊಡುವ ಗಾಡಿಗೆ 150 ಲೀಟರ್ ಸಾಕು. 35 ಕೊಡುವ ಗಾಡಿಗೆ 257 ಲೀಟರ್ ಬೇಕು. ಪೆಟ್ರೋಲು ಲೀಟರಿಗೆ ₹100 ಎಂದೇ ಹಿಡಿಯಿರಿ, ವರ್ಷಕ್ಕೆ ₹10,700 ಹೆಚ್ಚು. ಐದು ವರ್ಷಕ್ಕೆ ₹53,500. ಬೆಲೆಯ ಅಂತರ ಸೇರಿಸಿದರೆ ಒಂದೂವರೆ ಲಕ್ಷ ದಾಟಿತು. ವಿಮೆ, ಟೈರು, ಸರ್ವಿಸಿನ ಖರ್ಚು ಇನ್ನೂ ಸೇರಿಲ್ಲ. ಅಡಿಕೆ ಕ್ವಿಂಟಲಿಗೆ ₹50,000 ಬಂತೆಂದರೂ ಇದು 3 ಕ್ವಿಂಟಲ್. ಎರಡೆಕರೆ ತೋಟದವನಿಗೆ 3 ಕ್ವಿಂಟಲ್ ಅಂದರೆ ಏನೆಂದು ನಾನು ಹೇಳಬೇಕಾಗಿಲ್ಲ.

ತೂಕವನ್ನೂ ನೋಡಬೇಕು. ಸ್ಪ್ಲೆಂಡರ್ ಸುಮಾರು 112 ಕಿಲೊ, ಎಕ್ಸ್‌ಎಲ್ 90ರ ಒಳಗೆ, ಎನ್‌ಫೀಲ್ಡ್ ಕ್ಲಾಸಿಕ್ 195. ತೋಟದ ಇಳಿಜಾರಿನ ಪಾಚಿಗಟ್ಟಿದ ದಾರಿಯಲ್ಲಿ ಗಾಡಿ ವಾಲಿದರೆ ಒಬ್ಬನೇ ಎತ್ತಬೇಕಲ್ಲ? ನಮ್ಮ ಸದಸ್ಯರಲ್ಲಿ ತೋಟ ಯಲ್ಲಾಪುರದ ಕಡೆ ಇದ್ದು, ಮನೆ ಹೊಲ ತಿರ್ಲಾಪುರದಲ್ಲಿ ಇರುವವರೂ ಇದ್ದಾರೆ. ನವಲಗುಂದ ತಾಲ್ಲೂಕಿನ ಎರೆ ಹೊಲದ ದಾರಿಯಲ್ಲಿ ಒಂದು ಮಳೆ ಬಿದ್ದರೆ ಸಾಕು, ಎರೆಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಅರೆದಂತೆ ತುಂಬಿ ಗಾಡಿಯನ್ನು ನಿಂತಲ್ಲೇ ನಿಲ್ಲಿಸುತ್ತದೆ. ಕಡ್ಡಿಯಿಂದ ಕೆರೆದು ದೂಡಿಕೊಂಡು ಬರುವಾಗ ಗಾಡಿಯ ಅಂದ ಯಾರಿಗೂ ನೆನಪಾಗದು, ಅದರ ಭಾರ ಮಾತ್ರ ನೆನಪಾಗುತ್ತದೆ.

ಇಷ್ಟು ಹೇಳಿದ ಮೇಲೆ ಕಿರಿಯರ ಪಕ್ಷವನ್ನೂ ಹೇಳಬೇಕು. ಅದರಲ್ಲಿ ಸತ್ಯವಿದೆ. ತಿರ್ಲಾಪುರದಿಂದ ಹುಬ್ಬಳ್ಳಿ, ಕಲಘಟಗಿ ದಾಟಿ ಯಲ್ಲಾಪುರದ ತೋಟಕ್ಕೆ ವಾರವಾರ ಹೋಗುವವನಿಗೆ ಹೆದ್ದಾರಿಯ ಲಾರಿಗಳ ನಡುವೆ ತೂಕದ ಗಾಡಿ ಸ್ಥಿರವಾಗಿ ನಿಲ್ಲುತ್ತದೆ. 125 ಸಿ.ಸಿ. ಮೀರಿದ ಗಾಡಿಗಳಿಗೆ 2019ರಿಂದ ಎ.ಬಿ.ಎಸ್. ಬ್ರೇಕು ಕಡ್ಡಾಯವಾಗಿದೆ, ಒದ್ದೆ ರಸ್ತೆಯಲ್ಲಿ ಅದು ಜೀವ ಉಳಿಸುವ ಸಾಧನ. ಅಂಥವನಿಗೆ ಇದು ಶೋಕಿ ಎನ್ನಲಾಗದು.

ಇನ್ನೊಂದು ಮಾತು ಇದಕ್ಕಿಂತ ದೊಡ್ಡದು. ಜೊತೆಗೆ ಓದಿದವರು ಬೆಂಗಳೂರು ಸೇರಿದಾಗ ತೋಟ ನೋಡಿಕೊಂಡು ಊರಲ್ಲಿ ಉಳಿದ ಹುಡುಗನ ಮನಸ್ಸನ್ನು ನಾವು ವಿಚಾರಿಸಿದ್ದೇವೆಯೇ? ತೋಟದ ಹುಡುಗ ಎಂದರೆ ಹೆಣ್ಣು ಕೊಡಲು ಹಿಂಜರಿಯುವ ಕಾಲವಿದು. ಹಬ್ಬಕ್ಕೆ ಗೆಳೆಯರು ಕಾರಿನಲ್ಲಿ ಬಂದಿಳಿದಾಗ ತಾನೂ ತಲೆಯೆತ್ತಿ ನಿಲ್ಲಲು ಅವನಿಗೆ ಏನಾದರೂ ಬೇಕು. ದುಡಿದವನಿಗೆ ಒಂದು ಆಸೆ ಇರಬಾರದೆಂದರೆ ನಾಳೆ ತೋಟದಲ್ಲಿ ಯಾರೂ ಉಳಿಯುವುದಿಲ್ಲ. ಮಗ ಕೇಳಿದ್ದು ಗಾಡಿಯಾದರೂ ಅದರ ಹಿಂದೆ ಕೇಳುತ್ತಿರುವುದು ಗೌರವ. ಅದನ್ನು ತಂದೆಯಾದವರು ಬೈದು ತಳ್ಳಬಾರದು.

ಹಾಗಾದರೆ ನನ್ನ ವಾದವೇನು? ಆಸೆಯನ್ನು ಆಸೆಯೆಂದೇ ಲೆಕ್ಕಕ್ಕೆ ಬರೆಯಿರಿ, ಒಕ್ಕಲುತನದ ಖರ್ಚೆಂದು ಬರೆಯಬೇಡಿ. ರಾಜ್ಯ ಸರಕಾರ 2023-24ರಿಂದ ಸಹಕಾರ ಸಂಘಗಳ ಮೂಲಕ ಶೂನ್ಯ ಬಡ್ಡಿಯ ಬೆಳೆ ಸಾಲದ ಮಿತಿಯನ್ನು ₹3 ಲಕ್ಷದಿಂದ ₹5 ಲಕ್ಷಕ್ಕೆ ಏರಿಸಿತು. ಬಡ್ಡಿ ಇಲ್ಲವೆಂಬ ಕಾರಣಕ್ಕೆ ಆ ಹಣ ಶೋರೂಮಿನ ಕಡೆ ಹರಿಯುವುದು ಸುಲಭ. ಆದರೆ ಮಳೆಗಾಲಕ್ಕೆ ಮುಂಚೆ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯಬೇಕು, ನಲವತ್ತು ನಲವತ್ತೈದು ದಿನಕ್ಕೆ ಮತ್ತೊಮ್ಮೆ ಹೊಡೆಯಬೇಕು. ಎಲೆಚುಕ್ಕೆ ರೋಗ ಬೇರೆ ತೋಟಗಳನ್ನು ಕಾಡುತ್ತಿದೆ. ಮೈಲುತುತ್ತಕ್ಕೂ ಕೊನೆಗೌಡನ ಕೂಲಿಗೂ ಆ ಹೊತ್ತಿಗೆ ಹಣವಿಲ್ಲದೆ ಒಂದು ಸಿಂಪರಣೆ ತಪ್ಪಿದರೆ ಹೋಗುವುದು ಆ ವರ್ಷದ ಫಸಲು. ಫಸಲು ಹೋದರೆ ಸಾಲ ವಾಯಿದೆ ಮೀರುತ್ತದೆ. ವಾಯಿದೆ ಮೀರಿದರೆ ಶೂನ್ಯ ಬಡ್ಡಿಯ ಸವಲತ್ತೂ ಹೋಗುತ್ತದೆ. ಒಬ್ಬರ ಸುಸ್ತಿ ಬಾಕಿ ಸಂಘದ ಲೆಕ್ಕದಲ್ಲಿ ಕುಳಿತು ಮುಂದಿನವರ ಸಾಲಕ್ಕೂ ತೊಡಕಾಗುತ್ತದೆ.

ಆದುದರಿಂದ ಸದಸ್ಯರಲ್ಲಿ ವಿನಂತಿ ಇಷ್ಟೆ. ಹಳೇ ಚಹರೆಯ ಗಾಡಿ ಬೇಕೆನ್ನುವವರು ಫಸಲು ಮಾರಿ, ಸಂಘದ ಬಾಕಿ ತೀರಿಸಿ, ಮುಂದಿನ ವರ್ಷದ ಸಿಂಪರಣೆಯ ಹಣ ಎತ್ತಿಟ್ಟು, ಉಳಿದುದರಲ್ಲಿ ಕೊಳ್ಳಲಿ. ಉಳಿಯದಿದ್ದರೆ ಒಂದು ವರ್ಷ ಉಳಿತಾಯ ಖಾತೆಯಲ್ಲಿ ಕೂಡಿಡಲಿ. ಧಾರಣೆ ಇಳಿದ ವರ್ಷವೂ ಆ ಆಸೆ ಹಾಗೇ ಇದ್ದರೆ ಅದು ಗಟ್ಟಿ ಆಸೆಯೇ ಸರಿ. ಕೊಳ್ಳುವ ಮುನ್ನ ಬಿಡಿಭಾಗ ಎಲ್ಲಿ ಸಿಗುತ್ತದೆ, ಪಂಕ್ಚರಾದರೆ ಟ್ಯೂಬಿನ ಚಕ್ರ ಬಿಚ್ಚುವವರು ಹತ್ತಿರದಲ್ಲಿ ಯಾರು ಎಂಬುದನ್ನೂ ವಿಚಾರಿಸಲಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರ ಗಾಡಿಯ ಆಕಾರವನ್ನಷ್ಟೇ ತಂದರೆ ಸಾಲದು, ಅವರು ಗಾಡಿ ಕೊಳ್ಳುವಾಗ ಹಾಕಿದ ಲೆಕ್ಕವನ್ನೂ ಮನೆಗೆ ತರಬೇಕು.

— ಕಾರ್ಯದರ್ಶಿ