ಹಸಿರು ಓಟು ಕೇಳುವವರಿಗೆ ನಮ್ಮ ಪ್ರಶ್ನೆ

ಫರೀದಾಬಾದಿನ ಮಹಾನಗರಪಾಲಿಕೆಗೆ 2025ರ ಮಾರ್ಚ್ 2ರಂದು ಚುನಾವಣೆ ನಡೆಯಿತು. ಅಂದು ಭಾನುವಾರ. ಗಿರಣಿ ಕಾರ್ಖಾನೆಗಳವರಿಗೆ ಅದು ವಾರದ ರಜೆ. ಹೋಟೆಲಿನವರಿಗೆ ವಾರದಲ್ಲೆಲ್ಲ ಹೆಚ್ಚಿನ ದುಡಿಮೆಯ ದಿನ. ನಮ್ಮ ಬಂಧುಗಳಲ್ಲಿ ಎಷ್ಟು ಮಂದಿ ಮತಗಟ್ಟೆಗೆ ಹೋಗಿಬಂದರು, ಎಷ್ಟು ಮಂದಿ ದೋಸೆಕಲ್ಲಿನ ಮುಂದೆಯೇ ಆ ದಿನವನ್ನು ಕಳೆದರು ಎಂಬ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಇಡಬೇಕಾಗಿದ್ದವರು ನಾವೇ.

ಊರಿನ 46 ವಾರ್ಡುಗಳಲ್ಲಿಯೂ ದೊಡ್ಡ ಪಕ್ಷಗಳ ಚಿಹ್ನೆಗಳದೇ ಗದ್ದಲ. ಮೇಯರ್ ಸ್ಥಾನ ಭಾರತೀಯ ಜನತಾ ಪಕ್ಷಕ್ಕೆ ಮೂರು ಲಕ್ಷಕ್ಕೂ ಮೀರಿದ ಮತಗಳ ಅಂತರದಿಂದ ದೊರೆಯಿತು. ಯಾರು ಗೆದ್ದರು, ಯಾರು ಸೋತರು ಎಂಬುದು ಇಂದಿನ ನಮ್ಮ ವಿಷಯವಲ್ಲ. ಗಾಳಿ, ನೀರು, ಕಾಡು ಇವನ್ನೇ ಮುಖ್ಯ ಧ್ಯೇಯವಾಗಿಟ್ಟುಕೊಂಡು ಓಟು ಕೇಳುವ ಪಕ್ಷವೊಂದು ನಾಳೆ ನಮ್ಮ ಗಲ್ಲಿಗೆ ಬಂದರೆ ನಾವು ಏನು ಹೇಳಬೇಕು? ಇದೇ ನಮ್ಮ ವಿಷಯ. ಇದು ಕೇವಲ ಊಹೆಯ ಮಾತೂ ಅಲ್ಲ. 2024ರ ಹರಿಯಾಣ ವಿಧಾನಸಭೆಯ ಚುನಾವಣೆಯ ಕಾಲಕ್ಕೆ 'ಪೀಪಲ್ ಫಾರ್ ಅರಾವಳೀಸ್' ಎಂಬ ನಾಗರಿಕರ ಕೂಟವು ಹಸಿರು ಪ್ರಣಾಳಿಕೆಯೊಂದನ್ನು ಪ್ರಕಟಿಸಿ, ಎಲ್ಲ ಪಕ್ಷಗಳೂ ಇದನ್ನು ಒಪ್ಪಿಕೊಳ್ಳಲಿ ಎಂದು ಕೇಳಿತು. ಒಳ್ಳೆಯ ಕೆಲಸ. ಆದರೆ ನಮ್ಮ ಕೋಣೆಗಳಲ್ಲಿ, ನಮ್ಮ ಪಾಳಿಗಳಲ್ಲಿ ಅದರ ಸುದ್ದಿಯನ್ನು ಕೇಳಿದವರು ಬಹಳ ಕಡಿಮೆ.

"ಅದೆಲ್ಲ ಹೊಟ್ಟೆ ತುಂಬಿದವರ ಮಾತು, ನಮಗೇಕೆ?" ಎಂದು ನಮ್ಮಲ್ಲಿ ಕೆಲವರು ಹೇಳುವುದುಂಟು. ಈ ಮಾತನ್ನು ನಾವು ಒಪ್ಪುವುದಿಲ್ಲ. ನವೆಂಬರ್ ತಿಂಗಳಲ್ಲಿ ಹೊಗೆ ಮುಸುಕಿದಾಗ, ಉಳ್ಳವರು ಕಿಟಕಿ ಮುಚ್ಚಿ ಗಾಳಿ ಸೋಸುವ ಯಂತ್ರವನ್ನು ಹಚ್ಚಿಕೊಳ್ಳುತ್ತಾರೆ. ಹೋಟೆಲಿನ ಮಾಳಿಗೆಯ ಮೇಲೆ ಹಾಸಿಗೆ ಬಿಚ್ಚುವ ಕ್ಲೀನರ್ ಹುಡುಗನಿಗೆ, ರಾತ್ರಿ ಪಾಳಿ ಮುಗಿಸಿ ಸೈಕಲ್ ತುಳಿದು ಬರುವವನಿಗೆ ಯಾವ ಕಿಟಕಿ? ಒಂದು ಕಾಲಕ್ಕೆ ದೋಣಿ ಓಡಾಡುತ್ತಿದ್ದ ಬಡ್ಖಲ್ ಕೆರೆ ಈ ಶತಮಾನದ ಮೊದಲ ವರ್ಷಗಳಲ್ಲೇ ಬತ್ತಿಹೋಯಿತು. ಸುತ್ತಲ ಗುಡ್ಡಗಳನ್ನು ಅಗೆದುದೂ, ನೆಲದೊಳಗಿನ ನೀರನ್ನು ಎತ್ತಿದುದೂ ಅದಕ್ಕೆ ಕಾರಣ. ಕೆರೆ ಬತ್ತಿದರೆ ಯಾತ್ರಿಕನು ಬೇರೆ ಊರಿಗೆ ಹೋದಾನು. ನೀರಿಗಾಗಿ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಲ್ಲುವುದು ನಮ್ಮ ಮನೆಯ ಹೆಣ್ಣುಮಕ್ಕಳ ಪಾಲಿಗೆ. ಆದುದರಿಂದ ಗಾಳಿ ನೀರಿನ ಪ್ರಶ್ನೆ ಮೊದಲು ನಮ್ಮದು, ಆಮೇಲೆ ಇತರರದು.

ಹಾಗೆಂದು ನಮ್ಮವರ ಸಂಶಯಕ್ಕೆ ಕಾರಣವೇ ಇಲ್ಲವೆಂದಲ್ಲ. ಖೋರಿ ಗ್ರಾಮದ ಕಥೆಯನ್ನು ಈ ಊರಿನ ದುಡಿಯುವವರಾರೂ ಮರೆಯಲಾರರು. ಅರಾವಳಿಯ ಕಲ್ಲು ಗಣಿಗಳಲ್ಲಿ ಕೆಲಸ ಮಾಡಲು ಬಂದ ಕುಟುಂಬಗಳಿಂದ ಬೆಳೆದ ಬಡಾವಣೆ ಅದು. 2002ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆಯನ್ನು ತಡೆಯಿತು. ಗುಡ್ಡ ಉಳಿಯಬೇಕಾದರೆ ಅದು ಬೇಕಾಗಿತ್ತು. ಆದರೆ ಗಣಿಯ ಕೆಲಸ ಹೋದವರಿಗೆ ಬೇರೆ ಕೆಲಸವನ್ನು ಯಾರು ತೋರಿಸಿದರು? ಮುಂದೆ 2021ರ ಜೂನ್ 7ರಂದು, ಕಾಡಿನ ನೆಲದಲ್ಲಿರುವ ಅಲ್ಲಿನ ಸುಮಾರು 10,000 ಮನೆಗಳನ್ನು ಆರು ವಾರದೊಳಗೆ ತೆಗೆಯಬೇಕೆಂದು ಆಜ್ಞೆಯಾಯಿತು. ಕೊರೋನಾದ ಕಾಲ, ಮಳೆಗಾಲ, ಬುಲ್ಡೋಜರು ಬಂದಿತು. ಅರ್ಹರಾದವರಿಗೆ ಡಬುವಾ ಕಾಲೊನಿಯಲ್ಲಿ ಮನೆ ಕೊಡುವ ಯೋಜನೆ ಬಂದಿತಾದರೂ, ದಾಖಲೆ ತೋರಿಸಲಾರದವರು ಹೊರಗೆ ಉಳಿದರು. ಅದೇ ಗುಡ್ಡದ ಮೇಲಿನ ತೋಟದ ಬಂಗಲೆಗಳ ಮೇಲೆ, ಮದುವೆಯ ಮಂಟಪಗಳ ಮೇಲೆ ಸರ್ಕಾರದ ಕೈ ಅಷ್ಟು ಬೇಗ ಬೀಳಲಿಲ್ಲ. ಕಾಡು ಉಳಿಯಬೇಕು, ಸರಿ. ಆದರೆ ಅದರ ಬೆಲೆಯನ್ನು ಬಡವನೊಬ್ಬನೇ ತೆರಬೇಕೆ?

ಗಾಳಿಯ ವಿಷಯದಲ್ಲಿಯೂ ಇದೇ ಮಾತು. ದೆಹಲಿಯಲ್ಲಿಯೂ ಸುತ್ತಣ ಊರುಗಳಲ್ಲಿಯೂ ಗಾಳಿ ಕೆಟ್ಟಾಗ 'ಗ್ರಾಪ್' ಎಂಬ ಕ್ರಮಪಟ್ಟಿ ಜಾರಿಗೆ ಬರುತ್ತದೆ. ಮೊದಲ ಹಂತದಲ್ಲೇ ಹೋಟೆಲು ಢಾಬಾಗಳ ತಂದೂರಿಗೆ ಕಲ್ಲಿದ್ದಲು, ಕಟ್ಟಿಗೆ ಹಾಕಕೂಡದು. ಕಾರ್ಖಾನೆಗಳಲ್ಲಿ ಕಲ್ಲಿದ್ದಲನ್ನು ಉರಿಸುವುದಂತೂ 2023ರ ಜನವರಿ 1ರಿಂದಲೇ ನಿಷಿದ್ಧ. ಇವೆಲ್ಲ ಬೇಕಾದ ಕಟ್ಟಳೆಗಳೇ. ತಂದೂರಿನ ಹೊಗೆಯನ್ನು ಎಲ್ಲರಿಗಿಂತ ಮೊದಲು ಕುಡಿಯುವವನು ತಂದೂರಿನ ಮುಂದೆ ನಿಂತವನೇ ಅಲ್ಲವೆ? ಆದರೆ ಮಾಲೀಕನು ಒಲೆ ಬದಲಿಸದೆ ಬಾಗಿಲು ಎಳೆದರೆ, ಯಂತ್ರ ನಿಲ್ಲಿಸಿ "ನಾಳೆ ಬನ್ನಿ" ಎಂದರೆ, ಆ ದಿನದ ಕೂಲಿ ಯಾರದು? ಕಟ್ಟಡದ ಕೆಲಸ ನಿಂತಾಗ ಆ ಕಾರ್ಮಿಕರಿಗೆ ಜೀವನಾಂಶ ಕೊಡಬೇಕೆಂದು 2024ರ ಚಳಿಗಾಲದಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳಿಗೆ ಹೇಳಿತು. ಅವರಿಗೆ ಸೆಸ್ಸಿನ ನಿಧಿಯೊಂದು ಇದೆ. ಹೋಟೆಲಿನವನಿಗೆ, ಗಿರಣಿಯವನಿಗೆ ಅಂಥ ನಿಧಿ ಇಲ್ಲ.

ಹಸಿರಿನ ಹೆಸರಿನಲ್ಲಿ ಓಟು ಕೇಳುವುದು ನಮ್ಮ ಕನ್ನಡ ನಾಡಿಗೆ ಹೊಸತಲ್ಲ. 1989ರ ಲೋಕಸಭೆಯ ಚುನಾವಣೆಯಲ್ಲಿ ಡಾ. ಶಿವರಾಮ ಕಾರಂತರು ಉತ್ತರ ಕನ್ನಡದಲ್ಲಿ ನಿಂತರು. ಕೈಗಾದ ಅಣುವಿದ್ಯುತ್ ಸ್ಥಾವರ ಬೇಡ, ಕಾಡು ನದಿಗಳು ಉಳಿಯಲಿ ಎಂಬುದೇ ಅವರ ಮಾತು. ಆಗ ಅವರಿಗೆ 87ರ ವಯಸ್ಸು. ಗೆದ್ದವರು ಕಾಂಗ್ರೆಸ್ಸಿನ ದೇವರಾಯ ನಾಯ್ಕರು. ಮುಂದೆ ಕೈಗಾದ ವಿದ್ಯುತ್ತೂ ಹರಿಯತೊಡಗಿತು. ಜ್ಞಾನಪೀಠದ ಗೌರವ ಪಡೆದ ಹಿರಿಯರೊಬ್ಬರು ಆ ವಯಸ್ಸಿನಲ್ಲಿ ಜನರ ಮುಂದೆ ಕೈಮುಗಿದು ನಿಂತರಲ್ಲ, ಅದಕ್ಕಾಗಿ ನಾವು ಅವರನ್ನು ಎಂದೆಂದೂ ನೆನೆಯಬೇಕು. ಆದರೆ ಕೆಲಸವಿಲ್ಲದೆ ಊರು ಬಿಡುವ ಹುಡುಗನಿಗೆ 'ಸ್ಥಾವರ ಬೇಡ' ಎಂಬ ಮಾತಿನ ಜೊತೆಗೆ 'ನಿನಗೆ ಈ ಕೆಲಸವಿದೆ' ಎಂಬ ಮಾತೂ ಬೇಕಾಗುತ್ತದೆ. ಆ ಎರಡನೆಯ ಮಾತು ಇಲ್ಲದಿದ್ದರೆ ಎಂಥ ದೊಡ್ಡವರ ಪ್ರಚಾರವೂ ಅವನ ಮನೆಯ ಬಾಗಿಲಲ್ಲೇ ನಿಲ್ಲುತ್ತದೆ ಎಂಬುದು ನಮ್ಮ ಅಭಿಪ್ರಾಯ. ಪಶ್ಚಿಮ ಜರ್ಮನಿಯಲ್ಲಿ 1980ರಲ್ಲಿ ಹುಟ್ಟಿದ ಹಸಿರು ಪಕ್ಷವು 1983ರಲ್ಲಿ ಪಾರ್ಲಿಮೆಂಟನ್ನು ಹೊಕ್ಕಿತು. ಆದರೆ ರಾಷ್ಟ್ರದ ಸರ್ಕಾರದಲ್ಲಿ ಅದಕ್ಕೆ ಪಾಲು ದೊರೆತುದು 1998ರಲ್ಲಿ, ಕಾರ್ಮಿಕರ ನಡುವಿನಿಂದ ಬೆಳೆದುಬಂದ ಸೋಷಿಯಲ್ ಡೆಮಾಕ್ರಟಿಕ್ ಪಕ್ಷದ ಜೊತೆಗೂಡಿದಾಗ. ಇದರಲ್ಲಿ ಎಲ್ಲರಿಗೂ ಪಾಠವಿದೆ.

ಹಾಗಾದರೆ ನಾವು ಕೇಳಬೇಕಾದುದೇನು? ಮೊದಲು, ವಾರ್ಡಿನ ಸದಸ್ಯನ ಕೈಲಿ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ತಿಳಿದುಕೊಳ್ಳೋಣ. ಅರಾವಳಿ ಎಂದರೆ ಯಾವುದು ಎಂಬುದನ್ನೇ ತೀರ್ಮಾನಿಸುವುದು ಕಷ್ಟವಾಗಿದೆ. 100 ಮೀಟರಿಗೆ ಮೇಲ್ಪಟ್ಟ ಗುಡ್ಡ ಮಾತ್ರ ಅರಾವಳಿ ಎಂಬ ವಿವರಣೆಯನ್ನು ಸುಪ್ರೀಂ ಕೋರ್ಟು 2025ರ ನವೆಂಬರ್ 20ರಂದು ಒಪ್ಪಿತು. ಜನರು ಕೂಗೆಬ್ಬಿಸಿದ ಮೇಲೆ ಡಿಸೆಂಬರ್ 29ರಂದು ತನ್ನ ಆಜ್ಞೆಯನ್ನು ತಾನೇ ತಡೆಹಿಡಿಯಿತು. ಇಂಥ ವಿಷಯದಲ್ಲಿ "ನಾನು ಅರಾವಳಿಯನ್ನು ಉಳಿಸುತ್ತೇನೆ" ಎಂದು ವಾರ್ಡಿನ ಉಮೇದುವಾರ ಎದೆ ತಟ್ಟಿಕೊಂಡರೆ ಅದು ಬರಿಯ ಭಾಷಣ. ಆದರೆ ಕಸ, ಚರಂಡಿ, ಗಲ್ಲಿಯ ನೀರಿನ ಕೊಳಾಯಿ ಇವು ಪಾಲಿಕೆಯ ಬಾಗಿಲಿನ ಕೆಲಸಗಳು. ಫರೀದಾಬಾದ್ ಮತ್ತು ಗುರುಗ್ರಾಮ ಎರಡೂ ಊರಿನ ಕಸವನ್ನು ವರ್ಷಗಟ್ಟಲೆ ಬಂಧವಾಡಿಯಲ್ಲಿ ಸುರಿದು, ಅರಾವಳಿಯ ನಡುವೆ ಕಸದ್ದೇ ಒಂದು ಗುಡ್ಡವಾಗಿದೆ. ಒಣಕಸ, ಹಸಿಕಸ ಬೇರೆ ಮಾಡುವ ಏರ್ಪಾಡು ನಮ್ಮ ವಾರ್ಡಿನಲ್ಲಿ ಎಂದಿನಿಂದ? ಕಸ ಆಯುವವರಿಗೆ ಗೊತ್ತಾದ ಕೂಲಿ ಉಂಟೆ? ಕೊಳಾಯಿಯಲ್ಲಿ ನೀರು ಯಾವಾಗ? ಗಾಳಿಯ ಹೆಸರಿನಲ್ಲಿ ಕೆಲಸ ನಿಂತ ದಿನ ನಮ್ಮ ಕೂಲಿಗಾಗಿ ನಮ್ಮೊಡನೆ ಬಂದು ಅಧಿಕಾರಿಗಳ ಮುಂದೆ ನಿಲ್ಲುವಿರಾ? ಒಂದು ಗಲ್ಲಿಯನ್ನು ತೆರವು ಮಾಡುವ ಮೊದಲು ಬದಲಿ ಮನೆ ಕೊಡಿಸುವಿರಾ? ಈ ಐದು ಪ್ರಶ್ನೆಗಳಿಗೆ ನೇರವಾದ ಉತ್ತರ ಕೊಡುವವರ ಬಾವುಟ ಯಾವ ಬಣ್ಣದ್ದಾದರೂ ಆಗಲಿ, ಅವರ ಮಾತನ್ನು ನಾವು ಕೂತು ಕೇಳೋಣ.

ಇನ್ನು ನಮ್ಮ ಕರ್ತವ್ಯ. ಹತ್ತು ವರ್ಷದಿಂದ ಇಲ್ಲಿ ದುಡಿಯುತ್ತಿದ್ದೂ, ಹೆಸರನ್ನು ಊರಿನ ಪಟ್ಟಿಯಲ್ಲೇ ಬಿಟ್ಟುಬಂದವರು ನಮ್ಮಲ್ಲಿ ಅನೇಕರಿದ್ದಾರೆ. ಪಟ್ಟಿಯಲ್ಲಿ ಇಲ್ಲದವನನ್ನು ಯಾವ ಪಕ್ಷವೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ವಾಸ ಬದಲಾದವರು 8ನೆಯ ನಮೂನೆಯನ್ನು, ಹೊಸದಾಗಿ ಸೇರುವವರು 6ನೆಯ ನಮೂನೆಯನ್ನು ತುಂಬಿ ಕೊಡಬೇಕು. ಇದಕ್ಕೆ ಖರ್ಚಿಲ್ಲ. ಅಕ್ಷರ ಬಾರದ ಅಣ್ಣತಮ್ಮಂದಿರಿಗೆ ಬಲ್ಲವರು ಬರೆದುಕೊಡಲಿ. ಹಾಗೆಯೇ, ಪಾಲಿಕೆಯನ್ನು ಬೈಯುವ ಮೊದಲು ನಮ್ಮ ಹೋಟೆಲಿನ ಹಿಂಬಾಗಿಲಲ್ಲಿ ಎಂಜಲೆಲೆಯೂ ಪ್ಲಾಸ್ಟಿಕ್ಕೂ ಒಂದೇ ಡಬ್ಬಿಗೆ ಬೀಳುತ್ತಿವೆಯೆ ಎಂದು ನೋಡಿಕೊಳ್ಳೋಣ.

ಪಾಲಿಕೆಯ ಅವಧಿ ಐದು ವರ್ಷ. ಮುಂದಿನ ಚುನಾವಣೆ ಇನ್ನೂ ದೂರವಿದೆ. ಧ್ವನಿವರ್ಧಕದ ಗದ್ದಲವಿಲ್ಲದ ಈ ಹೊತ್ತಿನಲ್ಲೇ ಯೋಚಿಸಬೇಕೆಂದು ಇಷ್ಟು ಬರೆದೆವು. ಹಸಿರು ಓಟು ಕೇಳುವವರು ಉದ್ಯಾನದ ಬಾಗಿಲಿಗೆ ಮಾತ್ರವಲ್ಲ, ಕಾರ್ಖಾನೆಯ ಗೇಟಿಗೂ ಹೋಟೆಲಿನ ಹಿಂಬಾಗಿಲಿಗೂ ಬರಲಿ. ಅವರು ಬಂದ ದಿನ ನಮ್ಮ ಹೆಸರು ಪಟ್ಟಿಯಲ್ಲಿರಲಿ, ನಮ್ಮ ಪ್ರಶ್ನೆ ನಾಲಗೆಯ ಮೇಲಿರಲಿ.